ಹೊಸ್ತಿಲಲ್ಲಿ ನಿಂತ ಮಗು: ಮಕ್ಕಳ ಪ್ರದರ್ಶನ ಕಲೆಗಳು ಮತ್ತು ಸಾಮಾಜಿಕ ಹೊಣೆಗಾರಿಕೆಯ ಶಿಕ್ಷಣ

ಕನ್ನಡ ಜಾನಪದ ಅಧ್ಯಯನವು ಮಕ್ಕಳನ್ನು ಬಹುಮಟ್ಟಿಗೆ ಕೇಳುಗರನ್ನಾಗಿಯೇ ಕಂಡಿದೆ. ಜೋಗುಳ, ಶಿಶುಪ್ರಾಸ, ಅಜ್ಜಿಕತೆಗಳ ಸಂಗ್ರಹಗಳು ನಮ್ಮಲ್ಲಿ ಹೇರಳವಾಗಿವೆ. ಅವುಗಳ ಕುರಿತ ವಿವೇಚನೆಯೂ ಸಾಕಷ್ಟು ನಡೆದಿದೆ. ಅವುಗಳಲ್ಲಿ ಹೆಚ್ಚಿನವು ಹಿರಿಯರು ಕೊಡುವಂಥವು, ಮಗು ಪಡೆಯುವಂಥವು. ಮಕ್ಕಳೇ ಪ್ರದರ್ಶಕರಾಗಿ, ಊರಿನ ಕೆಲಸವೊಂದನ್ನು ತಮ್ಮ ಹೆಗಲಿಗೇರಿಸಿಕೊಂಡು ಮನೆಯಿಂದ ಮನೆಗೆ ತಿರುಗುವ ಕಲಾರೂಪಗಳು ಮಾತ್ರ ನಮ್ಮ ಗ್ರಂಥಗಳಲ್ಲಿ ಚದುರಿಹೋಗಿವೆ. ಕೆಲವನ್ನು 'ಮಳೆಯ ಆಚರಣೆಗಳು' ಎಂಬ ತಲೆಬರಹದ ಕೆಳಗೆ ಇರಿಸಿದ್ದೇವೆ. ಕೆಲವನ್ನು ಯಕ್ಷಗಾನದ ಅಧ್ಯಾಯದ ಕೊನೆಯಲ್ಲಿ ಒಂದು ಪುಟಕ್ಕೆ ಮುಗಿಸಿದ್ದೇವೆ. ಇವುಗಳನ್ನು ಒಟ್ಟಿಗಿಟ್ಟು, ಶಿಕ್ಷಣದ ಇತಿಹಾಸದ ಭಾಗವಾಗಿ ನೋಡಬೇಕೆಂಬುದು ಪ್ರಸ್ತುತ ಲೇಖನದ ಆಶಯ.

ಇದಕ್ಕೆ ಇಂದಿನ ಕಾರಣವೂ ಒಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆ, ಸಂಗೀತ, ನೃತ್ಯ, ರಂಗಭೂಮಿಗಳಿಗೆ ಶಾಲೆಯಲ್ಲಿ ಗಟ್ಟಿಯಾದ ಸ್ಥಾನವನ್ನು ಕೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಕಲಿಕೆಯೊಡನೆ ಬೆಸೆಯುವ ಮಾತನ್ನಾಡಿದೆ. ಸಹಾನುಭೂತಿ, ಸಾಮಾಜಿಕ ಹೊಣೆಗಾರಿಕೆ ಮೊದಲಾದ ಗುಣಗಳನ್ನು ಕಲೆಯ ಮೂಲಕ ಬೆಳೆಸಬಹುದೆಂಬ ನಂಬಿಕೆ ಇಂಥ ಚಿಂತನೆಯ ಹಿಂದಿದೆ. ಈ ನಂಬಿಕೆಯನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಶಾಲೆಗಳಲ್ಲಿ ಅದು ಕಾರ್ಯರೂಪಕ್ಕೆ ಬರುವಾಗ ಸಾಮಾನ್ಯವಾಗಿ ನಡೆಯುವುದೇನು? ಒಳ್ಳೆಯ ನೀತಿಯುಳ್ಳ ಕತೆಯೊಂದನ್ನು ಆರಿಸಿ, ಅದನ್ನು ನಾಟಕವಾಗಿಸಿ, ಮಕ್ಕಳಿಂದ ಆಡಿಸಲಾಗುತ್ತದೆ. ನೀತಿ ಕತೆಯೊಳಗಿದೆ, ಕಲೆ ಅದನ್ನು ಹೊತ್ತು ತರುವ ಗಾಡಿ ಎಂಬುದು ಇಲ್ಲಿನ ತಿಳಿವಳಿಕೆ. ನಮ್ಮ ಜನಪದ ಪ್ರದರ್ಶನಗಳು ಬೇರೊಂದು ಬಗೆಯಲ್ಲಿ ಕೆಲಸ ಮಾಡುತ್ತಿದ್ದವು. ಅಲ್ಲಿ ಕಲಿಕೆಯು ಹಾಡಿನ ಅರ್ಥಕ್ಕಿಂತ ಹೆಚ್ಚಾಗಿ ಪ್ರದರ್ಶನದ ಸ್ಥಿತಿಗತಿಯಲ್ಲಿತ್ತು. ಮಗು ಎಲ್ಲಿ ನಿಲ್ಲುತ್ತದೆ, ಯಾರ ಪರವಾಗಿ ಬಾಯಿ ತೆರೆಯುತ್ತದೆ, ಸಿಕ್ಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುವು ಮುಖ್ಯವಾಗಿದ್ದವು.

ಮೊದಲು ಮಳೆಯ ಆಚರಣೆಯನ್ನು ನೋಡಬಹುದು. ಹಳೆಯ ಮೈಸೂರು ಸೀಮೆಯಲ್ಲಿ ಇದಕ್ಕೆ ಮಳೆರಾಯನೆಂದು ಹೆಸರು. ಉತ್ತರ ಕರ್ನಾಟಕದಲ್ಲಿ ಗುರ್ಜಿ ಅಥವಾ ಗುರ್ಚಿ. ಮುಂಗಾರು ಕೈಕೊಟ್ಟು, ಬಿತ್ತಿದ ಬೀಜ ನೆಲದಲ್ಲೇ ಸಾಯುವ ಹೊತ್ತಿಗೆ ಹುಡುಗರು ಹೊರಡುತ್ತಾರೆ. ಮೈಸೂರು ಸೀಮೆಯಲ್ಲಿ ಕೆರೆಯ ಜೇಡಿಯಿಂದ ಮಾಡಿದ ಮೂರ್ತಿಯನ್ನು ಮಣೆಯ ಮೇಲಿಟ್ಟು ಒಬ್ಬ ಹುಡುಗ ತಲೆಯ ಮೇಲೆ ಹೊರುತ್ತಾನೆ. ಉತ್ತರದಲ್ಲಿ ರೊಟ್ಟಿ ಸುಡುವ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಸಗಣಿಯ ಇಲ್ಲವೇ ಮಣ್ಣಿನ ಗುರ್ಜಿಯನ್ನು ಕೂರಿಸಿ ಗರಿಕೆ ಸಿಕ್ಕಿಸುತ್ತಾರೆ. ಹೊತ್ತವನ ಮೈಮೇಲೆ ಅಂಗಿಯಿಲ್ಲ. ಉಳಿದ ಹುಡುಗರು ಹಾಡುತ್ತ ಹಿಂದೆ ಬರುತ್ತಾರೆ. ಮನೆಯ ಹೆಣ್ಣುಮಕ್ಕಳು ಹೊರಗೆ ಬಂದು ಮೂರ್ತಿಯ ಮೇಲೆ ಕೊಡದ ನೀರು ಸುರಿಯುತ್ತಾರೆ. ಹುಡುಗ ಗಿರಗಿರನೆ ತಿರುಗುತ್ತಾನೆ. ನೀರು ಸುತ್ತಲೂ ಚಿಮ್ಮುತ್ತದೆ. ಬಳಿಕ ಮೊರದಲ್ಲಿ ಜೋಳವೋ ರಾಗಿಯೋ ಹಿಟ್ಟೋ ಬರುತ್ತದೆ. ಕೊನೆಯಲ್ಲಿ ಒಟ್ಟುಗೂಡಿದ್ದನ್ನೆಲ್ಲ ಬೇಯಿಸಿ ಎಲ್ಲರೂ ಉಣ್ಣುತ್ತಾರೆ.

ಇದನ್ನು ಅನುಕರಣಾತ್ಮಕ ಮಾಂತ್ರಿಕತೆಯೆಂದು ವಿವರಿಸುವುದು ವಾಡಿಕೆ. ನೀರು ಸುರಿದರೆ ಮಳೆ ಸುರಿಯುತ್ತದೆ ಎಂಬ ಭಾವನೆ ಅದರಲ್ಲಿದೆಯೆಂಬುದು ನಿಜ. ಆದರೆ ಈ ವಿವರಣೆಯಿಂದ ಹುಡುಗನ ವಿಚಾರ ತಿಳಿಯುವುದಿಲ್ಲ. ನಾನು ಕ್ಷೇತ್ರಕಾರ್ಯದಲ್ಲಿ ಗುರ್ಜಿಯ ಮೆರವಣಿಗೆಯೊಂದರ ಹಿಂದೆ ನಡೆದಾಗ ಗಮನಿಸಿದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಅಂದು ಹಂಚು ಹೊತ್ತವನು ಊರಿನಲ್ಲಿ ಸಾಕಷ್ಟು ಹೊಲವಿದ್ದ ಮನೆಯ ಹುಡುಗ. ಅವನ ಮನೆಯಲ್ಲಿ ಆ ವರ್ಷಕ್ಕೆ ಬೇಕಾದ ಜೋಳ ಹಗೇವಿನಲ್ಲಿತ್ತು. ಹಾಗಿದ್ದರೂ ಅವನು ಕೂಲಿಯವರ ಮನೆಯ ಹೊಸ್ತಿಲೆದುರು ತೊಯ್ದು ನಡುಗುತ್ತ ನಿಂತು, ಆ ಮನೆಯವಳು ಬೊಗಸೆಯಲ್ಲಿ ತಂದ ಹಿಟ್ಟಿಗೆ ಜೋಳಿಗೆ ಹಿಡಿಯಬೇಕಾಯಿತು. ಅವಳು ಕೊಟ್ಟದ್ದು ಸ್ವಲ್ಪವೇ. ಜೊತೆಯ ಹುಡುಗರಲ್ಲೊಬ್ಬ ನಕ್ಕ. ಹಂಚು ಹೊತ್ತವನು ನಗಲಿಲ್ಲ. ಆ ಮನೆಯ ಮುಂದೆ ಒಂದು ಸುತ್ತು ಹೆಚ್ಚಿಗೆಯೇ ತಿರುಗಿದ. ಏಕೆಂದು ನಾನು ಕೇಳಲಿಲ್ಲ, ಕೇಳಿದ್ದರೂ ಅವನು ಹೇಳುತ್ತಿದ್ದನೆಂದು ತೋರುವುದಿಲ್ಲ.

ಬೇಡುವುದು ಈ ಕಲೆಯ ತಿರುಳು. ಉಳ್ಳವರ ಮಗನೂ ಇಲ್ಲದವರ ಮಗನೂ ಅಂದು ಒಂದೇ ಜೋಳಿಗೆಯಲ್ಲಿ ಬೇಡುತ್ತಾರೆ. ಕನ್ನಡದಲ್ಲಿ ಕನಿಕರ ಮತ್ತು ಸಹಾನುಭೂತಿ ಎಂಬ ಎರಡು ಪದಗಳನ್ನು ನಾವು ಹಲವು ವೇಳೆ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಕನಿಕರಕ್ಕೆ ಒಂದು ಎತ್ತರ ಬೇಕು; ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಮಳೆರಾಯನ ಆಚರಣೆ ಮಗುವನ್ನು ಪಡೆಯುವವನ ಜಾಗದಲ್ಲಿ ನಿಲ್ಲಿಸುತ್ತದೆ. ಕೊಡುವ ಕೈಯ ದೊಡ್ಡತನವನ್ನು ಕಲಿಸುವ ಪಾಠಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಡ್ಡಿದ ಕೈಯ ಅನುಭವವನ್ನು ಮಗುವಿಗೆ ಮಾಡಿಸುವ ಪಾಠವನ್ನು ನಾನು ಪಠ್ಯಪುಸ್ತಕದಲ್ಲಿ ಕಂಡಿಲ್ಲ.

ಹೀಗೆಂದ ಮಾತ್ರಕ್ಕೆ ಹಿಂದಿನದನ್ನೆಲ್ಲ ಹೊಗಳಿ ಕೂರುವಂತಿಲ್ಲ. ಅದೇ ಮೆರವಣಿಗೆ ಊರಿನ ಎಲ್ಲ ಓಣಿಗಳನ್ನೂ ಸುತ್ತಲಿಲ್ಲ. ದಲಿತರ ಕೇರಿಯ ತಿರುವಿನಲ್ಲಿ ಹುಡುಗರು ಯಾರೂ ಹೇಳದೆಯೇ ಹಿಂದಕ್ಕೆ ತಿರುಗಿದರು. ಕೇರಿಯವರ ಗುರ್ಜಿ ಬೇರೆ, ಅವರ ಅಡುಗೆ ಬೇರೆ ಎಂದು ಹಿರಿಯರೊಬ್ಬರು ವಿವರಿಸಿದರು. ಬೇಡುವುದನ್ನು ಕಲಿತಷ್ಟೇ ಸಹಜವಾಗಿ ಆ ಮಕ್ಕಳು ಎಲ್ಲಿ ಬೇಡಬಾರದು ಎಂಬುದನ್ನೂ ಕಲಿತಿದ್ದರು. ಪ್ರದರ್ಶನದ ದಾರಿಯೇ ಪಾಠವಾಗಿರುವಾಗ ಆ ದಾರಿಯ ಕೊನೆಯೂ ಪಾಠವೇ. ಜನಪದ ಶಿಕ್ಷಣವನ್ನು ಕುರಿತ ನಮ್ಮ ಬರವಣಿಗೆಯಲ್ಲಿ ಈ ಎರಡನೆಯ ಮಾತು ಅಪರೂಪವಾಗಿದೆ. ಅದನ್ನು ಬಿಟ್ಟರೆ ಮೊದಲನೆಯ ಮಾತಿಗೂ ಬೆಲೆಯಿರುವುದಿಲ್ಲ.

ಇನ್ನು ಶಾಲೆಯತ್ತ ಬರೋಣ. ವಸಾಹತು ಶಿಕ್ಷಣ ಬೇರೂರುವ ಮೊದಲು ಇಲ್ಲಿ ಇದ್ದ ಶಾಲೆಗಳ ಕುರಿತು ನಮಗೆ ದೊರೆಯುವ ಮುಖ್ಯ ದಾಖಲೆಗಳೆಂದರೆ ಮದರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ಆರಂಭಿಸಿದ ಸಮೀಕ್ಷೆಯ ವರದಿಗಳು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿ ಇವುಗಳಲ್ಲಿ ಅತ್ಯಂತ ವಿವರವಾದುದು. ಅವನ ಲೆಕ್ಕದಂತೆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226. ಅಷ್ಟು ವಿದ್ಯಾರ್ಥಿಗಳಲ್ಲಿ ಹುಡುಗಿಯರು 60 ಮಂದಿ ಮಾತ್ರ. ಮಕ್ಕಳು ಪದ್ಯಗಳನ್ನು ಬಾಯಿಪಾಠ ಮಾಡುತ್ತಾರೆ, ಆದರೆ ಅರ್ಥದ ವಿಷಯದಲ್ಲಿ ಅವರಿಗೂ ಗಿಳಿಗೂ ವ್ಯತ್ಯಾಸವಿಲ್ಲ ಎಂಬುದು ಅವನ ದೂರು. ಈ ದೂರನ್ನು ಸುಳ್ಳೆಂದು ತಳ್ಳಿಹಾಕಲಾಗದು. ಆದರೆ ಕ್ಯಾಂಪ್‌ಬೆಲ್‌ನ ದೃಷ್ಟಿ ಶಾಲೆಯ ಜಗಲಿಯನ್ನು ದಾಟಲಿಲ್ಲ. ಬಾಯಿಪಾಠವಾದ ಪದ್ಯ ಶಾಲೆಯ ಹೊರಗೆ ಎಲ್ಲಿ ಬಳಕೆಯಾಗುತ್ತದೆ ಎಂಬುದು ಅವನ ಪ್ರಶ್ನೆಯಾಗಿರಲಿಲ್ಲ. ಅದೇ ಸಮೀಕ್ಷೆಗೆ ಕೆನರಾದ ಕಲೆಕ್ಟರ್ ಅಂಕಿ-ಅಂಶಗಳನ್ನೇ ಒದಗಿಸಲಿಲ್ಲ. ಅಲ್ಲಿ ಶಿಕ್ಷಣ ಖಾಸಗಿಯಾಗಿ ನಡೆಯುತ್ತದೆಂದು ತಿಳಿಸಿ ಕೈತೊಳೆದುಕೊಂಡ. ಕರಾವಳಿಯ ಐಗಳ ಮಠಗಳು ಹೀಗಾಗಿ ಆ ದಾಖಲೆಯಿಂದ ತಪ್ಪಿಸಿಕೊಂಡವು. ಬಾಯಿಪಾಠವು ಹೊಸ್ತಿಲಿಗೆ ಬಂದು ಮಾತಾಗುತ್ತಿದ್ದುದರ ಒಳ್ಳೆಯ ನಿದರ್ಶನ ಸಿಗುವುದು ಅಲ್ಲಿಯೇ. ಅದು ಹೂವಿನಕೋಲು.

ಕುಂದಾಪುರ, ಉಡುಪಿ ಪರಿಸರದ ಈ ಕಲೆ ನವರಾತ್ರಿಯ ದಿನಗಳಿಗೆ ಸೇರಿದ್ದು. ಆಗ ಮಳೆಗಾಲದ ಕೊನೆ; ಬಯಲಾಟದ ಮೇಳಗಳು ಇನ್ನೂ ತಿರುಗಾಟಕ್ಕೆ ಹೊರಟಿರುವುದಿಲ್ಲ. ಭಾಗವತರು, ಮದ್ದಳೆಯವರು, ಶ್ರುತಿಯವರೊಡನೆ ಇಬ್ಬರು ಬಾಲಕರು ಮನೆಮನೆಗೆ ಹೋಗುತ್ತಾರೆ. ಬಾಲಕರಿಗೆ ಯಕ್ಷಗಾನದ ಭಾರಿ ವೇಷವಿಲ್ಲ. ಕಚ್ಚೆ, ಅಂಗಿ, ಶಾಲು, ತಲೆಗೊಂದು ಟೊಪ್ಪಿ. ಹೂವಿನಿಂದ ಸಿಂಗರಿಸಿದ ಕೋಲುಗಳು ಅವರ ಕೈಯಲ್ಲಿರುತ್ತವೆ. ಮನೆಯ ಚಾವಡಿಯಲ್ಲಿ ಎದುರುಬದುರಾಗಿ ಕುಳಿತು, ಮೊದಲು ಆ ಮನೆಗೆ ಒಳಿತಾಗಲೆಂದು ಹರಸುವ ಪದ್ಯವನ್ನು ಹೇಳುತ್ತಾರೆ. ಅನಂತರ ಪ್ರಸಂಗವೊಂದರ ಸಂವಾದ ಭಾಗ. ಭಾಗವತರು ಪದ್ಯವನ್ನು ಹಾಡಿದಂತೆ ಬಾಲಕರು ಅರ್ಥ ಹೇಳುತ್ತಾರೆ. ಮುಗಿದ ಮೇಲೆ ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಡುತ್ತಾರೆ. ಐಗಳು ತಮ್ಮ ಶಿಷ್ಯರನ್ನು ಹೀಗೆ ಕರೆದೊಯ್ಯುತ್ತಿದ್ದರು. ಬಂದ ಕಾಣಿಕೆ ಗುರುವಿನ ಜೀವನೋಪಾಯಕ್ಕೆ ಒದಗುತ್ತಿತ್ತು. ವಿದ್ಯೆಗೆ ಗೊತ್ತಾದ ಸಂಬಳವಿಲ್ಲದ ಕಾಲದಲ್ಲಿ ಗುರುವಿನ ಒಲೆ ಉರಿಯುವುದರಲ್ಲಿ ಶಿಷ್ಯರ ಕಂಠಕ್ಕೂ ಪಾಲಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಹರಸುವವರು ಮಕ್ಕಳು, ಹರಕೆ ಪಡೆಯುವವರು ಹಿರಿಯರು ಎಂಬ ತಿರುವುಮುರುವೂ ಸಾಮಾನ್ಯವಾದುದಲ್ಲ. ನಮ್ಮ ಸಮಾಜದಲ್ಲಿ ಮಗು ಹಿರಿಯರನ್ನು ಹರಸುವ ಸಂದರ್ಭಗಳು ಬೆರಳೆಣಿಕೆಯಷ್ಟು.

ಸಹಾನುಭೂತಿಯ ದೃಷ್ಟಿಯಿಂದ ಇಲ್ಲಿ ಮುಖ್ಯವಾದುದು ಸಂವಾದದ ರಚನೆ. ಯಕ್ಷಗಾನ ಮತ್ತು ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಪ್ರತಿಯೊಂದು ಪಾತ್ರಕ್ಕೂ ತನ್ನ ಸಮರ್ಥನೆಯಿದೆ. ಅರ್ಥಧಾರಿಗೆ ಕೌರವನ ಪಾತ್ರ ಬಂದರೆ ಕೌರವನ ನ್ಯಾಯವನ್ನು ಅವನು ಪೂರ್ತಿ ಬಲದಿಂದ ಹೇಳಬೇಕು. 'ನಾನು ದುಷ್ಟ' ಎಂಬ ಭಾವದಿಂದ ಮಾತಾಡಿದರೆ ಅದು ಕಳಪೆ ಅರ್ಥಗಾರಿಕೆ. ಹೂವಿನಕೋಲಿನ ಬಾಲಕರು ಹಿರಿಯ ಅರ್ಥಧಾರಿಗಳಂತೆ ಆಶುವಾಗಿ ಮಾತು ಬೆಳೆಸುವುದಿಲ್ಲ. ಗುರುಗಳು ಕಲಿಸಿದ್ದನ್ನೇ ಹೇಳುತ್ತಾರೆ. ಆದರೂ ಎದುರಿಗೆ ಕುಳಿತವನ ಮಾತನ್ನು ಕೇಳಿ, ಅದಕ್ಕೆ ತಕ್ಕಂತೆ ದನಿಯನ್ನು ತಿದ್ದಿಕೊಳ್ಳಲೇಬೇಕು.

ಲಕ್ಷ್ಮೀಶನ ಜೈಮಿನಿ ಭಾರತದಿಂದ ಯಕ್ಷಗಾನಕ್ಕೆ ಬಂದ ಸುಧನ್ವಾರ್ಜುನರ ಕತೆಯನ್ನೇ ನೋಡಬಹುದು. ಧರ್ಮರಾಯನ ಅಶ್ವಮೇಧದ ಕುದುರೆ ಹಂಸಧ್ವಜನ ಚಂಪಕಾಪುರಿಯಲ್ಲಿ ತಡೆಯಲ್ಪಡುತ್ತದೆ. ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಗೆ ಹಾಕಬೇಕೆಂಬುದು ರಾಜಾಜ್ಞೆ. ಪತ್ನಿ ಪ್ರಭಾವತಿಯ ಬಯಕೆಗೆ ಓಗೊಟ್ಟು ತಡವಾದ ರಾಜಕುಮಾರ ಸುಧನ್ವ ಆ ಶಿಕ್ಷೆಗೆ ಒಳಗಾಗಿ, ಬದುಕುಳಿದು, ಯುದ್ಧಭೂಮಿಗೆ ಬರುತ್ತಾನೆ. ಎದುರಿಗೆ ಅರ್ಜುನ. ಇಬ್ಬರೂ ಕೃಷ್ಣಭಕ್ತರು. ಇಲ್ಲಿ ಖಳನಿಲ್ಲ, ಸೋಲಬೇಕಾದವನು ಮಾತ್ರ ಇದ್ದಾನೆ. ಈ ಸಂವಾದದ ಅಭ್ಯಾಸವೊಂದನ್ನು ನೋಡುತ್ತಿದ್ದಾಗ ಗುರುಗಳು ಅರ್ಧ ದಾರಿಯಲ್ಲಿ ಮಕ್ಕಳಿಬ್ಬರ ಜಾಗ ಬದಲಿಸಿದರು. ಅಲ್ಲಿಯವರೆಗೆ ಅರ್ಜುನನಾಗಿ ಗತ್ತಿನಿಂದ ಮಾತಾಡುತ್ತಿದ್ದ ಬಾಲಕ ಸುಧನ್ವನ ಮೊದಲ ಮಾತಿಗೇ ತಡವರಿಸಿದ. ಪಾಠ ಮರೆತಿತೇ ಎಂದು ಗುರುಗಳು ಕೇಳಿದರು. ಮರೆತಿಲ್ಲ, ಈಗಷ್ಟೇ ನಾನೇ ಇವನನ್ನು ಹಂಗಿಸಿದೆನಲ್ಲ ಎಂಬರ್ಥದ ಉತ್ತರ ಬಂತು. ಪರಕಾಯ ಪ್ರವೇಶವೆಂಬ ದೊಡ್ಡ ಮಾತನ್ನು ನಾವು ಕಲಾಮೀಮಾಂಸೆಯಲ್ಲಿ ಬಳಸುತ್ತೇವೆ. ಮಗುವಿನ ಮಟ್ಟಿಗೆ ಅದು ಎರಡು ಮಣೆಗಳ ನಡುವಿನ ಒಂದು ಮೊಳದ ದೂರ.

ಇಪ್ಪತ್ತನೆಯ ಶತಮಾನದಲ್ಲಿ ಐಗಳ ಮಠಗಳು ಮರೆಯಾದವು. ಸರಕಾರಿ ಶಾಲೆ ಬಂತು, ಗುರುವಿಗೆ ಸಂಬಳ ಬಂತು. ಇದು ನಷ್ಟವಲ್ಲ, ಕ್ಯಾಂಪ್‌ಬೆಲ್‌ನ ಲೆಕ್ಕದ 60 ಹುಡುಗಿಯರನ್ನು ನೆನೆದರೆ ಸಾಕು. ಹೊಸ ಶಾಲೆಯ ಬಾಗಿಲು ಹಳೆಯದಕ್ಕಿಂತ ಅಗಲವಾಗಿತ್ತು. ಆದರೆ ಸಂಬಳದ ಗುರು ಮನೆಮನೆಗೆ ಹೋಗಬೇಕಾದ ಅಗತ್ಯ ಇಲ್ಲವಾಯಿತು, ಅದರೊಡನೆ ಮಗುವೂ ಹೊಸ್ತಿಲಿನಿಂದ ಹಿಂದೆ ಸರಿಯಿತು. ಕಲೆ ಶಾಲೆಯ ವಾರ್ಷಿಕೋತ್ಸವಕ್ಕೆ ಬಂತು.

ಈ ಬದಲಾವಣೆಯ ನಡುವೆ ಮಗುವನ್ನು ಮತ್ತೆ ಕರ್ತೃವನ್ನಾಗಿಸಲು ಯತ್ನಿಸಿದವರಲ್ಲಿ ಕರಾವಳಿಯವರೇ ಇಬ್ಬರು ಕಾರಂತರಿರುವುದು ಆಕಸ್ಮಿಕವಿರಲಾರದು. ಕೋಟದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳ ಮೂಲಕ ಕಲಿಸುವ ಪ್ರಯೋಗಗಳನ್ನು ನಡೆಸಿದರು. ಬಂಟ್ವಾಳ ತಾಲೂಕಿನ ಬಿ. ವಿ. ಕಾರಂತರು ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಅಭಿನಯಿಸಿದ್ದರು. ಕಾಡು ದಾಟಿ ಶಾಲೆಗೆ ಹೋಗಲು ಅಂಜುವ ಬಡ ಬಾಲಕನ ಕತೆ ಅದು. ಮುಂದೆ ಅವರು ರಂಗಕ್ಕೆ ತಂದ 'ಪಂಜರಶಾಲೆ'ಯ ಮೂಲ ರವೀಂದ್ರನಾಥ ಟಾಗೋರರ ಗಿಳಿಯ ಕತೆ. ಹಾಡಿಕೊಂಡು ಹಾರಾಡುತ್ತಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜ ಆಜ್ಞಾಪಿಸುತ್ತಾನೆ; ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ನೆರೆಯುತ್ತಾರೆ, ಪುಸ್ತಕದ ಹಾಳೆಗಳನ್ನು ಗಿಳಿಯ ಗಂಟಲಿಗೆ ತುರುಕುತ್ತಾರೆ, ಗಿಳಿ ಸಾಯುತ್ತದೆ. ಕ್ಯಾಂಪ್‌ಬೆಲ್‌ನ ವರದಿಯ ಗಿಳಿ ತನಗೆ ಅರ್ಥವಾಗದ್ದನ್ನು ಉಲಿಯುತ್ತಿತ್ತು. ಟಾಗೋರರ ಗಿಳಿಗೆ ಉಲಿಯಲೂ ಉಸಿರಿಲ್ಲ. ದೇಶೀ ಶಾಲೆಯನ್ನು ಹಂಗಿಸಲು ಬಳಸಿದ ಹೋಲಿಕೆ ನೂರು ವರ್ಷ ತುಂಬುವ ಮೊದಲೇ ಹೊಸ ಶಿಕ್ಷಣಕ್ಕೇ ತಿರುಗಿ ತಗುಲಿತು. ಕಾರಂತರ ಪ್ರಯೋಗದ ವಿಶೇಷವೆಂದರೆ ಪಂಡಿತರನ್ನೂ ರಾಜನನ್ನೂ ಮಕ್ಕಳೇ ಆಡಬೇಕಾಗಿದ್ದುದು. ತಮ್ಮನ್ನು ಹಿಂಸಿಸುವವರ ಪಾತ್ರವನ್ನು ಮಕ್ಕಳು ಒಳಗಿನಿಂದ ತಿಳಿಯುವ ಅವಕಾಶ ಅಲ್ಲಿತ್ತು. ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರದ ಮೂಲಕ ಬೆಂಗಳೂರಿನಲ್ಲಿ, 1989ರಲ್ಲಿ ಸ್ಥಾಪನೆಯಾದ ರಂಗಾಯಣವು ತನ್ನ ಚಿಣ್ಣರ ಮೇಳದ ಬೇಸಿಗೆ ಶಿಬಿರಗಳಿಂದ ಮೈಸೂರಿನಲ್ಲಿ ಈ ಧಾರೆಯನ್ನು ಮುಂದುವರಿಸಿದುದು ಚಿರಪರಿಚಿತ. ಅವುಗಳ ಕುರಿತು ರಂಗಭೂಮಿಯ ವಿದ್ವಾಂಸರು ಬರೆದಿದ್ದಾರಾಗಿ ಇಲ್ಲಿ ವಿಸ್ತರಿಸುವುದಿಲ್ಲ.

ಹೂವಿನಕೋಲಿನ ಮಟ್ಟಿಗೆ ಹೇಳುವುದಾದರೆ, 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಅವರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದ ಪಾತ್ರ ದೊಡ್ಡದು. ಮಕ್ಕಳನ್ನೇ ಕಲಾವಿದರನ್ನಾಗಿಸಿ ಯಕ್ಷಗಾನ ಮೇಳವೊಂದನ್ನು ನಡೆಸಿದುದಲ್ಲದೆ, ಮರೆವಿಗೆ ಸರಿಯುತ್ತಿದ್ದ ಹೂವಿನಕೋಲನ್ನು ಮತ್ತೆ ಜನರ ಗಮನಕ್ಕೆ ತಂದ ಶ್ರೇಯಸ್ಸೂ ಅದಕ್ಕೆ ಸಲ್ಲುತ್ತದೆ. ಅನಂತರದ ದಶಕಗಳಲ್ಲಿ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುವ ಕೆಲಸಕ್ಕಿಳಿದ ಮೇಲೆ ಚಿತ್ರವೇ ಬದಲಾಯಿತು. ಯಕ್ಷಗಾನದ ರಂಗಕ್ಕೆ ಬಾರದಿದ್ದ ಸಮುದಾಯಗಳ ಮಕ್ಕಳೂ, ಬಹು ದೊಡ್ಡ ಸಂಖ್ಯೆಯಲ್ಲಿ ಹುಡುಗಿಯರೂ ಗೆಜ್ಜೆ ಕಟ್ಟಿದರು. ಗುರ್ಜಿಯ ಮೆರವಣಿಗೆ ಕೇರಿಯ ತಿರುವಿನಲ್ಲಿ ನಿಂತಿತೆಂದು ಮೇಲೆ ಬರೆದೆ. ಶಾಲೆಯ ಯಕ್ಷಗಾನ ತಂಡ ಆ ತಿರುವನ್ನು ದಾಟಿದೆ. ಪರಂಪರೆಯ ಶುದ್ಧಿಯನ್ನು ಕುರಿತು ಚಿಂತಿಸುವವರು ಈ ಲಾಭವನ್ನೂ ತಕ್ಕಡಿಗೆ ಹಾಕಬೇಕು.

ಮತ್ತೊಂದು ತಟ್ಟೆಯಲ್ಲಿರುವುದು ಸ್ಪರ್ಧೆ. ಪ್ರತಿಭಾ ಪ್ರದರ್ಶನದ ವೇದಿಕೆಗಳಲ್ಲಿ ಹೂವಿನಕೋಲನ್ನು ಹತ್ತು ನಿಮಿಷಕ್ಕೆ ಇಳಿಸಿ, ಅಂಕ ಕೊಟ್ಟು, ಬಹುಮಾನ ಹಂಚುವುದನ್ನು ನಾನು ತೀರ್ಪುಗಾರನಾಗಿ ಕುಳಿತೇ ನೋಡಿದ್ದೇನೆ. ಆ ಪಾಪದಲ್ಲಿ ನನ್ನ ಪಾಲೂ ಇದೆ. ಮಕ್ಕಳ ಉಚ್ಚಾರ ಸ್ಪಷ್ಟ, ತಾಳ ಖಚಿತ, ವೇಷ ಅಚ್ಚುಕಟ್ಟು. ಆದರೆ ಎದುರುಬದುರಾಗಿ ಕೂರಬೇಕಾದವರು ಸಭೆಯ ಕಡೆಗೆ ಮುಖ ಮಾಡಿ ಕುಳಿತಿದ್ದರು. ಒಬ್ಬ ಅರ್ಥ ಹೇಳುವಾಗ ಮತ್ತೊಬ್ಬ ತನ್ನ ಮುಂದಿನ ಮಾತನ್ನು ತುಟಿಯಲ್ಲೇ ಗುನುಗುತ್ತಿದ್ದ. ಹರಸುವ ಪದ್ಯವನ್ನು ಹೇಳಿದರು, ಆದರೆ ಹರಸಲು ಅಲ್ಲಿ ಮನೆಯಿರಲಿಲ್ಲ. ಕಲಾರೂಪ ಉಳಿದಿತ್ತು. ಅದು ಮಗುವನ್ನು ಯಾವ ಸ್ಥಿತಿಗೆ ಒಡ್ಡುತ್ತಿತ್ತೋ ಆ ಸ್ಥಿತಿ ಉಳಿದಿರಲಿಲ್ಲ.

ಹೂವಿನಕೋಲನ್ನು ಮತ್ತೆ ಮನೆಗಳಿಗೆ ಒಯ್ಯುವ ತಂಡಗಳು ಕರಾವಳಿಯಲ್ಲಿ ಇಂದೂ ಇವೆ. ಕೆಲವು ವರ್ಷಗಳ ಹಿಂದೆ ಒಂದು ನವರಾತ್ರಿಯ ಸಂಜೆ ಅಂಥ ತಂಡದೊಡನೆ ತಿರುಗಿದ್ದೆ. ಅರ್ಥ ಹೇಳುತ್ತಿದ್ದವರು ಇಬ್ಬರು ಹುಡುಗಿಯರು, ಏಳನೆಯ ತರಗತಿಯವರು. ಸಂಜೆಯ ಮೂರನೆಯ ಮನೆಯಲ್ಲಿದ್ದವರು ಮುದುಕಿಯೊಬ್ಬರೇ. ಮಕ್ಕಳು ಮೊಮ್ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಅವರಿಗೆ ಕಿವಿ ಮಂದ. ಭಾಗವತರು ಪದ್ಯವೊಂದನ್ನು ಬಿಟ್ಟು ಬೇಗ ಮುಗಿಸುವ ಸೂಚನೆ ಕೊಟ್ಟರು; ಕತ್ತಲಾಗುವ ಮೊದಲು ಇನ್ನೂ ನಾಲ್ಕು ಮನೆಗಳಿದ್ದವು. ಹುಡುಗಿಯರು ಪರಸ್ಪರ ಮುಖ ನೋಡಿಕೊಂಡರು. ಅನಂತರ ತಮ್ಮ ಮಣೆಗಳನ್ನು ಮುದುಕಿ ಕುಳಿತ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು, ದನಿ ಏರಿಸಿ, ಬಿಟ್ಟ ಪದ್ಯದ ಅರ್ಥವನ್ನೂ ಸೇರಿಸಿ ನಿಧಾನವಾಗಿ ಹೇಳಿದರು. ಮದ್ದಳೆಯವರು ನಗುತ್ತ ನುಡಿತವನ್ನು ತಗ್ಗಿಸಿದರು. ಮುದುಕಿ ಒಳಗಿನಿಂದ ಒಂದು ಸೇರು ಅಕ್ಕಿ ತಂದು ಚೀಲಕ್ಕೆ ಸುರಿದರು. ಆ ಸಂಜೆ ನಾವು ಮುಗಿಸಿದ್ದು ಐದೇ ಮನೆ.